ಕಲ್ಯಾಣ್ ಕುಮಾರ್: ‘ಬೆಳ್ಳಿಮೋಡ’ದಿಂದ ಶುರು ಮಾಡಿ

ಕನ್ನಡ ಚಿತ್ರರಂಗದ ಕುಮಾರತ್ರಯರಲ್ಲಿ ರಾಜ್‌ಕುಮಾರ್, ಉದಯ್ ಕುಮಾರ್ ಗೊತ್ತು, ಕಲ್ಯಾಣ್ ಕುಮಾರ್ ಅವರದು ಯಾವುದು ನೋಡಲಿ ಎಂದು ಕೇಳಿದ್ದೀರಲ್ಲ, ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಮೊದಲು ನೋಡಿ. ಆಸ್ತಿ ಆಸೆಗೆ ಮದುವೆಗೆ ಒಪ್ಪಿದವನು, ಹುಡುಗಿಗೆ ತಮ್ಮ ಹುಟ್ಟಿದ ಮೇಲೆ ಕೈ ಕೊಡುತ್ತಾನೆ. ಮುಂದೆ ಕಾಲು ಮುರಿದುಕೊಂಡು ಮಲಗಿದಾಗ ಅವನ ಆರೈಕೆ ಮಾಡುವವಳೂ ಅವಳೇ! ಎಲ್ಲರೂ ನಾಯಕಿ ಕಲ್ಪನಾ ಅವರನ್ನು ಹೊಗಳುತ್ತಾರೆ, ಸರಿಯೇ. ಆದರೆ ಅಷ್ಟು ಸ್ವಾರ್ಥಿಯ ಪಾತ್ರವನ್ನು ಆಗಿನ ಎಷ್ಟು ಹೀರೋಗಳು ಒಪ್ಪುತ್ತಿದ್ದರು ಹೇಳಿ? ಕಲ್ಯಾಣ್ ಕುಮಾರ್ ಒಪ್ಪಿದ್ದಷ್ಟೇ ಅಲ್ಲ, ಅವನ ಮೇಲೆ ಸಿಟ್ಟೂ ಬರಬೇಕು, ಅಯ್ಯೋ ಅಂತಲೂ ಅನ್ನಿಸಬೇಕು, ಹಾಗೆ ಮಾಡಿದ್ದಾರೆ.

ಆಮೇಲೆ ‘ಅಮರಶಿಲ್ಪಿ ಜಕಣಾಚಾರಿ’ (1964), ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ತಮಿಳು ಅರ್ಥವಾದರೆ ಶ್ರೀಧರ್ ನಿರ್ದೇಶನದ ‘ನೆಂಜಿಲ್ ಓರ್ ಆಲಯಂ’ (1962) ಬಿಡಲೇಬೇಡಿ. ಅದರಲ್ಲಿ ಹಳೆಯ ಪ್ರೇಯಸಿಯ ಗಂಡನನ್ನು ಉಳಿಸಲು ಒದ್ದಾಡುವ ಡಾಕ್ಟರ್ ಇವರೇ.