ಮಾತ್ರೆ ತಂದ ಹಸಿವು: ಶಿರಸಿ ಸೀಮೆಯ ಒಂದು ಆಪ್ತಸಲಹೆ ಪ್ರಕರಣ

ಶಿರಸಿ ತಾಲೂಕಿನ ಅಡಿಕೆ ತೋಟದ ಊರೊಂದರಿಂದ ತಾಯಿಯೊಬ್ಬರು ಇಪ್ಪತ್ನಾಲ್ಕು ವರ್ಷದ ಮಗನೊಡನೆ ನನ್ನ ಬಳಿಗೆ ಬಂದಾಗ ಅವರ ಕೈಯಲ್ಲೊಂದು ಪೊಟ್ಟಣವಿತ್ತು. ಮಗ ನುಂಗಿದಂತೆ ಮಾಡಿ ಹಾಸಿಗೆಯಡಿ ಸೇರಿಸಿಟ್ಟಿದ್ದ ಹತ್ತೊಂಬತ್ತು ಮಾತ್ರೆಗಳು ಅದರಲ್ಲಿದ್ದವು. ಅವನನ್ನು ಇಲ್ಲಿ ಶ್ರೀಧರ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಶ್ರೀಧರ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗಾಗಿ ಎಂಟು ತಿಂಗಳಿಂದ ಓಲಾಂಜಪೈನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಕಿವಿಯಲ್ಲಿ ಕೇಳುತ್ತಿದ್ದ ಮಾತುಗಳು ನಿಂತಿದ್ದವು, ತೋಟದ ಕೆಲಸಕ್ಕೂ ಹೋಗತೊಡಗಿದ್ದ. ಆದರೆ 58 ಕಿಲೋ ಇದ್ದವನು 75 ಕಿಲೋ ಆಗಿದ್ದ. ತಾಯಿಗೆ ಇದು ತೊಂದರೆಯೆಂದೇ ಅನ್ನಿಸಿರಲಿಲ್ಲ. ಕಾಯಿಲೆಯ ದಿನಗಳಲ್ಲಿ ಊಟ ಬಿಟ್ಟು ಒಣಗಿದ್ದ ಮಗ ಮೈಕೈ ತುಂಬಿಕೊಂಡಿದ್ದಾನೆ ಎಂದು ನೆಂಟರು ಹೇಳಿದಾಗಲೆಲ್ಲ ಅವರು ಸಂತೋಷದಿಂದ ಇನ್ನೊಂದು ದೋಸೆ ಬಡಿಸುತ್ತಿದ್ದರು. “ಆಯಿಗೆ ಹೇಳಿದರೆ ಬೇಜಾರಾಗುತ್ತದೆ ಎಂದು ಹೇಳಲಿಲ್ಲ. ಮಾತ್ರೆ ಬಿಟ್ಟರೆ ಮೊದಲಿನ ಹಾಗೆ ಆಗುತ್ತೇನೆ ಅಂದುಕೊಂಡೆ,” ಎಂದು ಶ್ರೀಧರ ತಲೆ ತಗ್ಗಿಸಿ ಹೇಳಿದ. ಅಷ್ಟರಲ್ಲಿ ನಿದ್ದೆ ಕೆಟ್ಟು, ನಡುರಾತ್ರಿ ಜಗಲಿಯಲ್ಲಿ ಓಡಾಡುವುದು ಮತ್ತೆ ಶುರುವಾಗಿತ್ತು.

ಮಾತ್ರೆ ಅಡಗಿಸಿಟ್ಟದ್ದಕ್ಕೆ ಅವನನ್ನು ಯಾರೂ ಬೈಯಬಾರದೆಂದು ಮೊದಲು ಕೇಳಿಕೊಂಡೆ. ಓಲಾಂಜಪೈನ್ ಮತ್ತು ಅದೇ ಕಾಯಿಲೆಗೆ ಕೊಡುವ ಕ್ಲೋಜಪೈನ್ ತೂಕವನ್ನು ಹೆಚ್ಚಿಸುವ ಔಷಧಗಳ ಸಾಲಿನಲ್ಲಿ ಮುಂದಿವೆ. ಅವು ಮಿದುಳಿನಲ್ಲಿ ಹಿಸ್ಟಮಿನ್ ಮತ್ತು ಸೆರೊಟೋನಿನ್ ಎಂಬ ರಾಸಾಯನಿಕಗಳ ಸಂದೇಶ ಪಡೆಯುವ ಕೆಲವು ಗ್ರಾಹಕಗಳನ್ನು ತಡೆಯುವುದರಿಂದ ಹಸಿವು ಏರುತ್ತದೆ, ಹೊಟ್ಟೆ ತುಂಬಿತೆಂಬ ತೃಪ್ತಿ ತಡವಾಗುತ್ತದೆ. ಜೊತೆಗೆ ಮಂಪರು ಓಡಾಟವನ್ನು ತಗ್ಗಿಸುತ್ತದೆ. ಇದನ್ನು ವಿವರಿಸಿದಾಗ ಶ್ರೀಧರನ ಕಣ್ಣು ತುಂಬಿತು, ಏಕೆಂದರೆ ಅಷ್ಟು ದಿನವೂ ಅವನು ತನ್ನನ್ನು ಹೊಟ್ಟೆಬಾಕನೆಂದೇ ಹಳಿದುಕೊಂಡಿದ್ದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ತಿಳಿದಿರುವ ಅಡ್ಡಪರಿಣಾಮಗಳ ಮಾಹಿತಿ ಪಡೆಯುವುದು ರೋಗಿಯ ಹಕ್ಕು. ಅದು ಮೊದಲ ಚೀಟಿಯ ಜೊತೆಗೇ ಸಿಕ್ಕಿದ್ದರೆ ಆ ಪೊಟ್ಟಣ ಕಟ್ಟುವ ಪ್ರಸಂಗ ಬರುತ್ತಿರಲಿಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಔಷಧ ಬದಲಿಸುವ ಅಧಿಕಾರ ಆಪ್ತಸಮಾಲೋಚಕರಿಗಿಲ್ಲ. ಆದ್ದರಿಂದ ತಪ್ಪಿದ ದಿನಗಳನ್ನೂ ತೂಕದ ಏರಿಕೆಯನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟು, ಅದೇ ವಾರ ಮನೋವೈದ್ಯರನ್ನು ಕಾಣಲು ಕಳಿಸಿದೆ. ನಿಲ್ಲಿಸಿದ ಮಾತ್ರೆಯನ್ನು ಹೇಗೆ ಪುನಃ ಆರಂಭಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು. ಕ್ಲೋಜಪೈನ್ ಸೇವಿಸುವವರಂತೂ ಎರಡು ದಿನಕ್ಕಿಂತ ಹೆಚ್ಚು ತಪ್ಪಿದ ಮೇಲೆ ಹಳೆಯ ಪ್ರಮಾಣವನ್ನು ತಾವಾಗಿಯೇ ನುಂಗಲೇಬಾರದು. ಆರಿಪಿಪ್ರಜೋಲ್‌ನಂತಹ, ತೂಕ ಅಷ್ಟಾಗಿ ಹೆಚ್ಚಿಸದ ಔಷಧಕ್ಕೆ ನಿಧಾನವಾಗಿ ಬದಲಾಯಿಸುವ ದಾರಿಯೂ ಇದೆ. ಆದರೆ ಹಿಂದೆ ಬೇರೆ ಔಷಧಗಳು ಇವನಿಗೆ ಹಿಡಿದಿರಲಿಲ್ಲವಾದ್ದರಿಂದ ವೈದ್ಯರು ಓಲಾಂಜಪೈನ್ ಉಳಿಸಿಕೊಂಡು, ರಕ್ತಪರೀಕ್ಷೆಯ ನಂತರ ಮೆಟ್‌ಫಾರ್ಮಿನ್ ಸೇರಿಸಿದರು. ಔಷಧದಂಗಡಿಯಲ್ಲಿ ಅದು ಸಕ್ಕರೆ ಕಾಯಿಲೆಯ ಮಾತ್ರೆಯೆಂದು ತಿಳಿದು ತಾಯಿ ಗಾಬರಿಯಾದರು. ಶ್ರೀಧರನಿಗೆ ಮಧುಮೇಹ ಬಂದಿಲ್ಲ, ತೂಕದ ಏರಿಕೆಯನ್ನು ತಡೆಯಲೂ ವೈದ್ಯರು ಅದನ್ನು ಬಳಸುತ್ತಾರೆ, ಆರಂಭದಲ್ಲಿ ಹೊಟ್ಟೆ ಕೆಡಬಹುದಾದ್ದರಿಂದ ಊಟದೊಂದಿಗೆ ತೆಗೆದುಕೊಳ್ಳಬೇಕು ಎಂದು ವಿವರಿಸಿದ ಮೇಲೆ ಸಮಾಧಾನವಾಯಿತು.

ಉಳಿದದ್ದು ಅಡುಗೆಮನೆಯ ಕೆಲಸ. ಔಷಧದಿಂದ ಹುಟ್ಟಿದ ಹಸಿವಿನೆದುರು ಮನಸ್ಸು ಗಟ್ಟಿಮಾಡಿಕೋ ಎಂಬ ಉಪದೇಶ ಹೆಚ್ಚು ದಿನ ನಿಲ್ಲುವುದಿಲ್ಲವಾದ್ದರಿಂದ, ಕೈಗೆ ಏನು ಸಿಗುತ್ತದೆ ಎಂಬುದನ್ನೇ ಬದಲಿಸಲು ಸೂಚಿಸಿದೆ. ಬೆಳಿಗ್ಗೆ ಜೋನಿಬೆಲ್ಲ ಹಾಕಿಕೊಂಡು ಏಳೆಂಟು ದೋಸೆ ತಿನ್ನುತ್ತಿದ್ದವನಿಗೆ ಚಟ್ನಿಯೊಂದಿಗೆ ಮೂರು. ಅದೂ ಮನೆಯವರೆಲ್ಲರಿಗೂ ಅದೇ ಕ್ರಮ, ಅವನೊಬ್ಬನಿಗೆ ಪಥ್ಯವೆಂಬಂತಾಗಬಾರದು. ಎರಡನೆಯ ಸಲ ಬಡಿಸುವ ಮೊದಲು ಇಪ್ಪತ್ತು ನಿಮಿಷ ಬಿಡಬೇಕು. ಮಾತ್ರೆಯಿಂದ ಬಾಯಿ ಒಣಗಿದಾಗಲೆಲ್ಲ ಅವನು ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದ, ದಿನಕ್ಕೆ ಏಳು ಲೋಟ. ಅದರ ಬದಲು ನೀರು, ನೀರುಮಜ್ಜಿಗೆ, ಬೆಲ್ಲವಿಲ್ಲದ ಕಷಾಯ. ರಾತ್ರಿ ಹನ್ನೊಂದರ ಹಸಿವಿಗೆ ಬಾಳೆಕಾಯಿ ಚಿಪ್ಸಿನ ಡಬ್ಬಿಯೇ ಸಿಗುತ್ತಿತ್ತು. ಆ ಜಾಗದಲ್ಲಿ ಹೆಚ್ಚಿದ ಸೌತೆಕಾಯಿ, ಬೇಯಿಸಿದ ಹೆಸರುಕಾಳು.

ನಡಿಗೆಯ ವಿಷಯದಲ್ಲಿ ನಾನೇ ಎಡವಿದೆ. ಬೆಳಿಗ್ಗೆ ಆರಕ್ಕೆ ನಡೆಯಬೇಕೆಂದು ಹೇಳಿದ್ದೆ; ರಾತ್ರಿಯ ಮಾತ್ರೆಯ ಮಂಪರಿನಲ್ಲಿ ಅವನು ಏಳಲಾಗದೆ, ಮೂರು ವಾರ ತಪ್ಪಿತಸ್ಥನಂತೆ ನನ್ನೆದುರು ಕುಳಿತ. ಆಮೇಲೆ ಅದನ್ನು ಸಂಜೆಗೆ ಬದಲಿಸಿ, ತಂದೆಯೊಡನೆ ತೋಟದ ದಾರಿಯಲ್ಲಿ ಹತ್ತು ನಿಮಿಷದಿಂದ ಆರಂಭಿಸಿ ಅರ್ಧ ಗಂಟೆಗೆ ಒಯ್ದೆವು.

ತೂಕವನ್ನು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ ನೋಡಿ ಅವನೇ ಬರೆದಿಡಬೇಕು, ನೆಂಟರೆದುರು ಆ ಅಂಕಿ ಹೇಳಬಾರದು ಎಂದು ಒಪ್ಪಂದವಾಯಿತು. ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಗುರುತಿಸಿಕೊಂಡ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಖಾಲಿಹೊಟ್ಟೆಯ ಸಕ್ಕರೆ ಮತ್ತು ಕೊಬ್ಬಿನಂಶದ ಪರೀಕ್ಷೆಗಳನ್ನು ಔಷಧ ಆರಂಭಿಸುವ ಮೊದಲು, ಮೂರು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.

ಆರು ತಿಂಗಳ ಬಳಿಕ ಅವನ ತೂಕ 70 ಕಿಲೋ. ಮೊದಲಿನ 58ಕ್ಕೆ ಮರಳುತ್ತಾನೆಂದು ನಾನು ಮಾತು ಕೊಟ್ಟಿಲ್ಲ. ಮಾತ್ರೆ ಒಂದು ದಿನವೂ ತಪ್ಪಿಲ್ಲ, ನಿದ್ದೆ ಸರಿಯಾಗಿದೆ. ಕಳೆದ ಭೇಟಿಯಲ್ಲಿ ತಾಯಿ, ದೀಪಾವಳಿಗೆ ಅವನಿಗಷ್ಟು ಜೋನಿಬೆಲ್ಲ ಬಡಿಸಬಹುದೇ ಎಂದು ಸಂಕೋಚದಿಂದ ಕೇಳಿದರು. ಹಬ್ಬದ ದಿನ ಖಂಡಿತ ಬಡಿಸಿ ಎಂದೆ. ಶ್ರೀಧರ ಪುಸ್ತಕದಲ್ಲಿ ಮುಂದಿನ ರಕ್ತಪರೀಕ್ಷೆಯ ತಾರೀಖು ಬರೆದುಕೊಂಡ.