ವಾಹನ ಪ್ರಶ್ನೋತ್ತರ: ಕ್ರ್ಯಾಂಕ್ ಬೇರಿಂಗಿನ ಸೈಜು, ಗ್ಯಾಪು, ಫಿಟಿಂಗು

ಎಂಜಿನ್ ಬಿಚ್ಚಿ ಬೇರಿಂಗ್ ಹಾಕಿಸುವವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕ್ರ್ಯಾಂಕ್ ಎಂದರೆ ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ಶಾಫ್ಟ್.

ಪ್ರಶ್ನೆ: ಹಳೇ ಪೆಟ್ರೋಲ್ ಕಾರಿನ ಎಂಜಿನ್ ಬಿಚ್ಚಿಸೀನಿ. ತೆಗೆದ ಬೇರಿಂಗ್ ಹಿಂದ 0.25 ಅಂತ ಅಚ್ಚು ಅದ. ಅದೇ ಸೈಜಿನ ಹೊಸಾ ಸೆಟ್ ತಂದು ಹಾಕಿದ್ರ ನಡೀತದೇನ್ರಿ? ಲೇಥಿನವ್ರು ಗ್ರೈಂಡ್ ಮಾಡಸ್ರಿ ಅಂತಾರ. — ಸೇಡಂ

ಉತ್ತರ: ಆ ಅಚ್ಚಿನಿಂದ ತಿಳಿಯುವುದು ಇಷ್ಟೇ, ಈ ಕ್ರ್ಯಾಂಕ್ ಹಿಂದೆ ಗ್ರೈಂಡ್ ಆಗಿದೆ, ಅಂದರೆ ಸಾಣೆ ಹಿಡಿದು ಸಪೂರ ಮಾಡಿಸಿದ್ದಾರೆ. ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಈಗ ಎಷ್ಟಿದೆ ಎಂಬುದು ಅಳೆದರೆ ಮಾತ್ರ ಗೊತ್ತಾಗುತ್ತದೆ. ಉದಾಹರಣೆಗೆ ಹೊಸದರಲ್ಲಿ ಮೇನ್ ಜರ್ನಲ್ (ಬ್ಲಾಕಿನಲ್ಲಿ ಕೂರುವುದು) 45 ಮಿ.ಮೀ. ಇತ್ತೆನ್ನಿ. 0.25 ಗ್ರೈಂಡ್ ಆದ ಮೇಲೆ ಅದು 44.75. ಅದಕ್ಕೆ ಸರಿದೂಗಲು ಬೇರಿಂಗಿನ ಎರಡೂ ಅರ್ಧವೃತ್ತದ ಶೆಲ್‌ಗಳು ತಲಾ 0.125 ಮಿ.ಮೀ. ದಪ್ಪವಾಗಿ ಬರುತ್ತವೆ. ಆ 44.75 ಸವೆದು 44.70ಕ್ಕೆ ಇಳಿದಿದ್ದರೆ ಹೊಸ 0.25 ಸೆಟ್ ಹಾಕಿದರೂ ಎಣ್ಣೆ ಗ್ಯಾಪು (ಜರ್ನಲ್ಲಿಗೂ ಶೆಲ್ಲಿಗೂ ನಡುವೆ ಎಣ್ಣೆ ನಿಲ್ಲುವ ಸಂದು) 0.05 ಹೆಚ್ಚೇ ಉಳಿಯುತ್ತದೆ. ಚಿಕ್ಕ ಪೆಟ್ರೋಲ್ ಎಂಜಿನ್‌ಗಳಲ್ಲಿ ಇರಬೇಕಾದ ಒಟ್ಟು ಗ್ಯಾಪೇ ಸುಮಾರು 0.02ರಿಂದ 0.05. ಹೀಗಾಗಿ ಗಾಡಿ ಬಿಸಿಯಾದ ಮೇಲೆ ಎಣ್ಣೆ ಒತ್ತಡ ಬೀಳುತ್ತದೆ, ನಾಕಿಂಗ್ (ಬಡಿತದ ಶಬ್ದ) ಮತ್ತೆ ಶುರುವಾಗುತ್ತದೆ.

ಅಳೆಯಲು ವರ್ನಿಯರ್ ಸಾಲದು. ಅದರ ಒಂದು ಗೆರೆಯೇ 0.02. ಮೈಕ್ರೊಮೀಟರ್ ಬೇಕು. ಪ್ರತಿ ಜರ್ನಲ್ಲನ್ನು ಎರಡೂ ತುದಿಗೆ, ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನಲ್ಲಿ ಅಳೆಯಿರಿ, ಅಂದರೆ ನಾಲ್ಕು ಅಳತೆ. ಅವುಗಳ ನಡುವೆ 0.01ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಜರ್ನಲ್ ಅಂಡಾಕಾರವಾಗಿದೆ ಅಥವಾ ಒಂದು ಕಡೆ ಇಳಿಜಾರಾಗಿದೆ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೂ ಗ್ರೈಂಡಿಂಗೇ ಗತಿ. ಎರಡೂ ಇಲ್ಲದೆ ಅಳತೆಯೂ 0.25ರ ಮಿತಿಯಲ್ಲೇ ಇದ್ದರೆ ಪಾಲಿಶ್ ಮಾಡಿಸಿ ಅದೇ ಸೈಜು ಹಾಕಬಹುದು.

ಗ್ರೈಂಡ್ ಮಾಡಿಸಲೇಬೇಕಾದರೆ ಮುಂದಿನ ಸೈಜು 0.50, ಕೆಲವು ಲೇಥಿನವರ ಬಾಯಲ್ಲಿ ಇದು ‘ಟ್ವೆಂಟಿ’ (ಇಂಚಿನ ಲೆಕ್ಕದಲ್ಲಿ 0.020). ಕ್ರ್ಯಾಂಕ್ ಕೊಡುವ ಮೊದಲೇ ಆ ಸೈಜಿನ ಸೆಟ್ ಕೈಗೆ ಬಂದಿರಲಿ. ಗ್ರೈಂಡ್ ಮಾಡಿಸಿದ ಮೇಲೆ ಮಾಲು ಸಿಗದೆ ಗಾಡಿ ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಇನ್ನೂ ಸರಿಯಾದ ದಾರಿಯೆಂದರೆ ಶೆಲ್, ಬ್ಲಾಕ್, ಕನೆಕ್ಟಿಂಗ್ ರಾಡ್ ಎಲ್ಲವನ್ನೂ ಗ್ರೈಂಡಿಂಗಿನವರಿಗೇ ಒಪ್ಪಿಸುವುದು. ಶೆಲ್ ಹಾಕಿ, ಕ್ಯಾಪ್ (ಶೆಲ್ಲನ್ನು ಹಿಡಿಯುವ ಮುಚ್ಚಳ) ಟಾರ್ಕಿಗೆ, ಅಂದರೆ ಹೇಳಿದ ಬಿಗಿತಕ್ಕೆ, ಬಿಗಿದು, ಒಳವ್ಯಾಸ ಅಳೆದು, ಅದಕ್ಕೆ ತಕ್ಕಂತೆ ಜರ್ನಲ್ ಇಳಿಸಲಿ. ಮೇನ್ ಜರ್ನಲ್‌ಗಳೆಲ್ಲ ಒಂದೇ ಸೈಜಿಗೆ ಬರಬೇಕು, ಕನೆಕ್ಟಿಂಗ್ ರಾಡ್ ಕೂರುವ ಬಿಗ್ ಎಂಡ್‌ಗಳೆಲ್ಲ ಒಂದೇ ಸೈಜಿಗೆ ಬರಬೇಕು. ಮೇನ್ 0.25, ಬಿಗ್ ಎಂಡ್ 0.50 ಆದರೆ ತೊಂದರೆಯಿಲ್ಲ.

ಕ್ರ್ಯಾಂಕ್ ವಾಪಸ್ ತರುವಾಗ ಎರಡು ಕಡೆ ಕಣ್ಣು ಹಾಯಿಸಿ. ಜರ್ನಲ್ಲಿನ ಅಂಚು ವೆಬ್ಬಿಗೆ (ಜರ್ನಲ್ಲುಗಳನ್ನು ಜೋಡಿಸುವ ಚಪ್ಪಟೆ ತೋಳಿಗೆ) ಸೇರುವಲ್ಲಿ ಮೊದಲಿದ್ದ ದುಂಡನೆ ತಿರುವು ಹಾಗೇ ಇರಬೇಕು. ಅಲ್ಲಿ ಚೂಪು ಮೂಲೆ ಬಿಟ್ಟಿದ್ದರೆ ಕ್ರ್ಯಾಂಕ್ ಮುಂದೆ ಅಲ್ಲಿಂದಲೇ ಸೀಳುತ್ತದೆ; ತಿರುವು ಅತಿಯಾಗಿದ್ದರೆ ಶೆಲ್ಲಿನ ಅಂಚು ಅದರ ಮೇಲೆ ಹತ್ತುತ್ತದೆ. ಎಣ್ಣೆ ತೂತಿನ ಬಾಯಿಯೂ ನುಣುಪಾಗಿರಬೇಕು. ಇನ್ನೊಂದು ಮಾತು: ಕೆಲವು ಹೊಸ ಎಂಜಿನ್‌ಗಳ ಕ್ರ್ಯಾಂಕ್ ಗ್ರೈಂಡ್ ಮಾಡಲು ಕಂಪನಿಯ ಒಪ್ಪಿಗೆಯೇ ಇಲ್ಲ, ಅವಕ್ಕೆ ಅಂಡರ್‌ಸೈಜ್ (ಗ್ರೈಂಡ್ ಆದ ಜರ್ನಲ್ಲಿಗೆ ಹೊಂದುವ) ಶೆಲ್ಲೂ ಬರುವುದಿಲ್ಲ. ಅಂಥವಕ್ಕೆ ಬ್ಲಾಕ್ ಮತ್ತು ಕ್ರ್ಯಾಂಕ್ ಮೇಲಿನ ಅಕ್ಷರ, ಅಂಕಿ ಓದಿ, ಮ್ಯಾನ್ಯುಯಲ್‌ನ ಪಟ್ಟಿಯಲ್ಲಿ ಹೊಂದುವ ಬಣ್ಣದ ಶೆಲ್ ಆರಿಸಬೇಕು. ಒಂದೊಂದು ಬಣ್ಣಕ್ಕೂ ಕೆಲವೇ ಮೈಕ್ರಾನ್ ವ್ಯತ್ಯಾಸ. ಬಣ್ಣ ಯಾವುದಾದರೇನು ಎಂದು ಹಾಕುವಂತಿಲ್ಲ.

ಪ್ರಶ್ನೆ: ನಮ್ಮ ಗ್ಯಾರೇಜಿನಲ್ಲಿ ಬೋರ್ ಗೇಜ್ (ಒಳವ್ಯಾಸ ಅಳೆಯುವ ಸಾಧನ) ಇಲ್ಲ. ಗ್ಯಾಪು ನೋಡುವುದು ಹೇಗೆ? — ಬೀದರ್

ಉತ್ತರ: ಪ್ಲಾಸ್ಟಿಗೇಜ್ ತರಿಸಿಕೊಳ್ಳಿ. ಇದು ಮೇಣದಂಥ ಸಣ್ಣ ಎಳೆ. ಹಸಿರು ಎಳೆ 0.025ರಿಂದ 0.076 ಮಿ.ಮೀ.ವರೆಗೆ ಅಳೆಯುತ್ತದೆ, ಕಾರಿಗೆ ಅದೇ ಸಾಕು. ಬ್ಲಾಕನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ. ನೆಟ್ಟಗಿದ್ದರೆ ಕ್ರ್ಯಾಂಕ್ ತನ್ನ ಭಾರಕ್ಕೆ ಜೋತು ಅಳತೆ ತಪ್ಪು ತೋರಿಸುತ್ತದೆ. ಜರ್ನಲ್ಲೂ ಶೆಲ್ಲೂ ಎಣ್ಣೆಯಿಲ್ಲದಂತೆ ಒರೆಸಿ, ಎಳೆಯನ್ನು ಜರ್ನಲ್ಲಿನ ಅಗಲದುದ್ದಕ್ಕೂ ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಟಾರ್ಕಿಗೆ ಬಿಗಿಯಿರಿ. ಕ್ರ್ಯಾಂಕ್ ಒಂದಿಷ್ಟೂ ತಿರುಗಬಾರದು. ಕ್ಯಾಪ್ ಬಿಚ್ಚಿ, ಚಪ್ಪಟೆಯಾದ ಎಳೆಯನ್ನು ಪೊಟ್ಟಣದ ಮೇಲಿನ ಪಟ್ಟಿಗೆ ಹಿಡಿದು ನೋಡಿ. ಎಳೆ ಅಗಲವಾದಷ್ಟೂ ಗ್ಯಾಪು ಕಡಿಮೆ. ಒಂದು ತುದಿ ಅಗಲ, ಇನ್ನೊಂದು ಸಪೂರ ಬಂದರೆ ಜರ್ನಲ್ ಇಳಿಜಾರು. ನೋಡಿದ ಮೇಲೆ ಎಳೆಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬ್ಲೇಡು ಬೇಡ.

ಪ್ರಶ್ನೆ: ಬಿಗ್ ಎಂಡ್ ಕ್ಯಾಪ್ ಬಿಗಿದ ಕೂಡಲೇ ಎಂಜಿನ್ ಕೈಯಿಂದ ತಿರುಗಲಿಲ್ಲ. ಶೆಲ್ಲಿನ ತುದಿ ಕ್ಯಾಪಿನಿಂದ ಕೂದಲೆಳೆಯಷ್ಟು ಮೇಲೆ ಕಾಣತದ, ಅದನ್ನ ಅರದಿಂದ ಉಜ್ಜಿದ್ರ ಸರಿ ಆಗ್ತದ ಅಂತಾನ ಮಿಸ್ತ್ರಿ. — ಯಾದಗಿರಿ

ಉತ್ತರ: ಅರ ಮುಟ್ಟಲು ಬಿಡಬೇಡಿ. ಆ ಕೂದಲೆಳೆ ಬೇಕೆಂದೇ ಬಿಟ್ಟದ್ದು. ಕ್ಯಾಪ್ ಬಿಗಿದಾಗ ಎರಡು ಶೆಲ್‌ಗಳ ತುದಿಗಳು ಒಂದನ್ನೊಂದು ಒತ್ತಿ, ಬೆನ್ನು ಗೂಡಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಶೆಲ್ ತಿರುಗದಂತೆ ಹಿಡಿಯುವುದು ಈ ಒತ್ತಡ. ತುದಿಯಲ್ಲಿರುವ ಸಣ್ಣ ನಾಲಿಗೆ ಜಾಗ ತೋರಿಸುತ್ತದೆ, ಅಷ್ಟೇ. ಉಜ್ಜಿದರೆ ಬೆನ್ನು ಸಡಿಲವಾಗಿ, ಬಿಸಿ ಬ್ಲಾಕಿಗೆ ದಾಟದೆ, ಶೆಲ್ ಗೂಡಿನಲ್ಲೇ ತಿರುಗಿ ಎಣ್ಣೆ ತೂತು ಮುಚ್ಚಿಹೋಗುತ್ತದೆ. ಕ್ಯಾಪನ್ನೇ ಉಜ್ಜಿದರೆ ರಾಡಿನ ಗೂಡು ಅಂಡಾಕಾರವಾಗುತ್ತದೆ. ಹಾಗೆಯೇ ಸಡಿಲ ಬೇರಿಂಗಿಗೆ ಹಿಂದಿನಿಂದ ಸಿಗರೇಟ್ ಫಾಯಿಲ್ ಇಡುವುದೂ ಬೇಡ.

ಜಾಮ್ ಆಗಲು ಕಾರಣ ಬೇರೆ ಕಡೆ ಇದೆ. ಕ್ಯಾಪುಗಳು ಒಂದರದ್ದು ಇನ್ನೊಂದಕ್ಕೆ ಅಥವಾ ಉಲ್ಟಾ ಹೋಗಿವೆಯೇ, ಶೆಲ್ಲಿನ ಬೆನ್ನಿಗೆ ಕಸ ಅಥವಾ ಎಣ್ಣೆ ಇದೆಯೇ, ನಾಲಿಗೆ ತನ್ನ ಕಚ್ಚಿನೊಳಗೆ ಕೂತಿದೆಯೇ, ಡಬ್ಬಿಯೊಳಗೆ ಬೇರೆ ಸೈಜು ಬಂದಿದೆಯೇ ನೋಡಿ. ಬೆನ್ನು ಒಣಗಿರಬೇಕು, ಎಣ್ಣೆ ಹಚ್ಚುವುದು ಒಳಮೈಗೆ. ಒಂದೊಂದು ಕ್ಯಾಪ್ ಬಿಗಿದಾಗಲೂ ಕ್ರ್ಯಾಂಕ್ ತಿರುಗಿಸಿ ನೋಡುತ್ತ ಹೋದರೆ ಯಾವುದು ಹಿಡಿಯಿತೆಂದು ಅಲ್ಲೇ ತಿಳಿಯುತ್ತದೆ. ರಾಡ್ ಕೂರಿಸುವಾಗ ಬೋಲ್ಟಿಗೆ ಪೆಟ್ರೋಲ್ ಪೈಪಿನ ತುಂಡು ತೊಡಿಸಿ, ಇಲ್ಲದಿದ್ದರೆ ಹೊಸದಾಗಿ ಗ್ರೈಂಡಾದ ಜರ್ನಲ್ ಮೇಲೆ ಗೀರು ಬೀಳುತ್ತದೆ.

ಪ್ರಶ್ನೆ: ಥ್ರಸ್ಟ್ ವಾಷರಿನ (ಕ್ರ್ಯಾಂಕ್ ಹಿಂದುಮುಂದೆ ಜರುಗದಂತೆ ತಡೆಯುವ ಬಿಲ್ಲೆಯ) ಎಣ್ಣೆ ಗೀಟು ಯಾವ ಕಡೆ? — ಆಳಂದ

ಉತ್ತರ: ಕ್ರ್ಯಾಂಕ್ ವೆಬ್ಬಿನ ಕಡೆ. ಬ್ಲಾಕಿನ ಕಡೆ ಹಾಕಿದರೆ ಎಣ್ಣೆ ಸಿಗದೆ ತಿಂದುಹೋಗುತ್ತದೆ. ಕ್ರ್ಯಾಂಕಿನ ಹಿಂದುಮುಂದಿನ ಆಟ ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ.; ಫೀಲರ್ ಗೇಜಿನಿಂದ ನೋಡಿ.

ಪ್ರಶ್ನೆ: ಹೊಸ ಬೇರಿಂಗ್ ಹಾಕಿಸಿ ಕೆಲವೇ ವಾರದಲ್ಲಿ ಮತ್ತೆ ಶಬ್ದ. ಶೆಲ್ ಮೇಲೆ ಸುತ್ತಲೂ ಗೀರು, ಕರೀ ಚುಕ್ಕಿ. ಕಂಪನಿ ಮಾಲು ಖರಾಬೇನು? — ಚಿತ್ತಾಪುರ

ಉತ್ತರ: ನೀವು ಹೇಳುವ ಗುರುತು ಕಸದ್ದು, ಮಾಲಿನದ್ದಲ್ಲ. ಮೆತ್ತನೆಯ ಒಳಪದರಕ್ಕೆ ಹರಳು ಚುಚ್ಚಿಕೊಂಡು ಜರ್ನಲ್ಲನ್ನು ಕೊರೆದಿದೆ. ಸಾಮಾನ್ಯವಾಗಿ ಅದು ಎಂಜಿನ್ನಿನ ಒಳಗೇ ಉಳಿದದ್ದು: ಗ್ರೈಂಡಿಂಗ್ ಪುಡಿ, ಬೋರಿಂಗ್ ಪುಡಿ, ಹಳೆಯ ಬೇರಿಂಗಿನ ಚೂರು. ಕ್ರ್ಯಾಂಕಿನ ಎಣ್ಣೆ ದಾರಿಯ ಪ್ಲಗ್ ಇದ್ದರೆ ತೆಗೆಸಿ, ಉದ್ದನೆ ಬ್ರಷ್ಷು ಮತ್ತು ಸೋಪು ನೀರಿನಿಂದ ತೊಳೆದು, ಗಾಳಿ ಊದಿ, ತಕ್ಷಣ ಎಣ್ಣೆ ಸವರಬೇಕು. ಬರೀ ಡೀಸೆಲಿನಲ್ಲಿ ಅದ್ದಿ ತೆಗೆದರೆ ಪುಡಿ ಹೋಗುವುದಿಲ್ಲ. ಎಣ್ಣೆ ಪಂಪು, ಸ್ಟ್ರೇನರ್, ಕೂಲರ್ ಇದ್ದರೆ ಅದೂ ಸ್ವಚ್ಛವಾಗಲಿ. ವಾಡಿ, ಶಹಾಬಾದ್ ಸುತ್ತಮುತ್ತ ಸಿಮೆಂಟು, ಕಲ್ಲಿನ ಧೂಳು ಹೆಚ್ಚು. ಶೆಲ್ಲಿನ ಪೊಟ್ಟಣ ಹಾಕುವ ಹೊತ್ತಿಗೇ ಬಿಚ್ಚಿ, ಬ್ಲಾಕನ್ನು ರಾತ್ರಿ ಪ್ಲಾಸ್ಟಿಕ್ ಹೊದಿಸಿಡಿ.

ಗುರುತು ಬೇರೆಯಾದರೆ ಕಾರಣವೂ ಬೇರೆ. ಎಲ್ಲ ಶೆಲ್‌ಗಳೂ ಬಳಿದಂತೆ ಸವೆದು ತಾಮ್ರದ ಬಣ್ಣ ಕಂಡರೆ ಎಣ್ಣೆ ತಲುಪಿಲ್ಲ. ಮೇನ್ ಬೇರಿಂಗಿನ ತೂತಿರುವ ಶೆಲ್ ಕೆಳಗಿನ ಕ್ಯಾಪಿಗೆ ಹೋಗಿದ್ದರೂ ಹೀಗೇ ಆಗುತ್ತದೆ. ಒಂದೇ ಬಿಗ್ ಎಂಡಿನಲ್ಲಿ ಮೇಲಿನ ಶೆಲ್ಲಿಗೆ ಒಂದು ಅಂಚು, ಕೆಳಗಿನದಕ್ಕೆ ಎದುರಿನ ಅಂಚು ತಿಂದಿದ್ದರೆ ಆ ರಾಡ್ ಬಾಗಿದೆ.

ಪ್ರಶ್ನೆ: ಬೇಸಿಗೆ ಬಿಸಿಲಿಗೆ ದಪ್ಪ ಎಣ್ಣೆ ಹಾಕಬೇಕೆ? ಮೊದಲ ಸಲ ಸ್ಟಾರ್ಟ್ ಮಾಡುವುದು ಹೇಗೆ? — ಬಸವಕಲ್ಯಾಣ

ಉತ್ತರ: ಗ್ಯಾಪು ಸರಿಯಿದ್ದರೆ ಮ್ಯಾನ್ಯುಯಲ್ ಹೇಳಿದ ಗ್ರೇಡೇ ಸಾಕು, 42 ಡಿಗ್ರಿಯಲ್ಲೂ. ಗ್ಯಾಪು ಹೆಚ್ಚಾದದ್ದನ್ನು ಮುಚ್ಚಿಡಲು ದಪ್ಪ ಎಣ್ಣೆ ಸುರಿಯುವುದು ರೂಢಿ, ಆದರೆ ಅದು ರಿಪೇರಿಯಲ್ಲ. ಫಿಲ್ಟರ್ ಬಾಯಿ ಮೇಲಾಗಿ ಕೂರುವಂಥದ್ದಾದರೆ ಎಣ್ಣೆ ತುಂಬಿಯೇ ಹಾಕಿ. ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ಬಂದ್ ಮಾಡಿ, ಸ್ಟಾರ್ಟರಿನಿಂದ ಹತ್ತತ್ತು ಸೆಕೆಂಡು ತಿರುಗಿಸಿ, ನಡುವೆ ಮೋಟರಿಗೆ ಬಿಡುವು ಕೊಡಿ. ಎಣ್ಣೆ ದೀಪ ಆರಿದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆಗಿ ಕೆಲವು ಸೆಕೆಂಡಿನಲ್ಲಿ ದೀಪ ಆರದಿದ್ದರೆ ರೇಸ್ ಕೊಡದೆ ಆಗಲೇ ಬಂದ್ ಮಾಡಿ. ಮೊದಲ 500 ಕಿ.ಮೀ. ಆದ ಮೇಲೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಯಲ್ಲಿ ಹೊಳೆಯುವ ಪುಡಿ ಇದೆಯೇ ನೋಡಿ.