ತೋಟದ ಪ್ರಶ್ನೋತ್ತರ: ಎರಿ ಮಣ್ಣಿನಲ್ಲಿ ಜುನಿಪರ್

ಪ್ರಶ್ನೆ: ಗೇಟಿನ ಎರಡೂ ಬದಿಗೆ ಜೂನ್‌ನಲ್ಲಿ ನಾಲ್ಕು ಜುನಿಪರ್ (ಸದಾ ಹಸಿರಿರುವ ಅಲಂಕಾರದ ಗಿಡ) ಹಚ್ಚಿದ್ದೆವು. ನಮ್ಮದು ಎರಿ (ಕಪ್ಪು ಜಿಗುಟು ಮಣ್ಣಿನ) ನೆಲ. ಎರಡು ಅಡಿ ಗುಂಡಿ ತೋಡಿ ಮಸಾರಿ (ಕೆಂಪು) ಮಣ್ಣು, ತಿಪ್ಪೆಗೊಬ್ಬರ ತುಂಬಿದ್ದೇವೆ. ದಸರೆ ಹೊತ್ತಿಗೆ ಎರಡು ಗಿಡ ಕಂದು ಬಣ್ಣಕ್ಕೆ ತಿರುಗಿದವು. ದಿನಾ ನೀರು ಹಾಕಿದರೂ ಒಣಗುತ್ತಿವೆ. ಏನು ಮಾಡಬೇಕು?
– ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಮೊದಲು ನೀರು ನಿಲ್ಲಿಸಿ. ಎರಿ ನೆಲದಲ್ಲಿ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದರೆ ಅದು ನೀರಿನ ಟಾಕಿಯಂತಾಗುತ್ತದೆ. ಸುತ್ತಲಿನ ಜಿಗುಟು ಮಣ್ಣು ನೀರನ್ನು ಹೊರಗೆ ಬಿಡುವುದಿಲ್ಲ, ಮಳೆಗಾಲದ ನೀರೆಲ್ಲ ಬಂದು ಬುಡದಲ್ಲೇ ಕೂರುತ್ತದೆ. ಗಾಳಿ ಸಿಗದ ಬೇರಿಗೆ ಫೈಟಾಫ್ಥೊರಾ ಎಂಬ ಕೊಳೆರೋಗಾಣು ಹತ್ತುತ್ತದೆ. ಬೇರು ಸತ್ತ ಮೇಲೂ ಜುನಿಪರ್ ಕೆಲವು ವಾರ ಹಸಿರಾಗಿಯೇ ನಿಂತಿರುತ್ತದೆ. ಹಾಗಾಗಿ ಶ್ರಾವಣದಲ್ಲಿ ಬಿದ್ದ ಪೆಟ್ಟು ದಸರೆಗೆ ಕಾಣುತ್ತದೆ. ಅದನ್ನು ನೋಡಿ ಬಾಯಾರಿದೆ ಎಂದುಕೊಂಡು ಇನ್ನೊಂದು ಕೊಡ ಸುರಿಯುತ್ತೇವೆ.

ಬುಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಕಿತ್ತುಬಿಡಿ. ಬದಿಯ ಮಣ್ಣು ಸರಿಸಿ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಸಿಪ್ಪೆ ಜಾರಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಕೊಳೆತಿದೆ ಎಂದೇ ಅರ್ಥ. ಅಂಥ ಗಿಡಕ್ಕೆ ಔಷಧದ ದುಡ್ಡು ದಂಡ. ಇನ್ನೂ ಹಸಿರಿರುವ ಎರಡನ್ನು ಬೇರಿನ ಮುದ್ದೆ ಒಡೆಯದಂತೆ ಎತ್ತಿ, ದಿಬ್ಬದ ಮೇಲೆ ನೆಡಿ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಕೊಳೆರೋಗದ ಔಷಧದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕಲಸಿ ಬುಡಕ್ಕೆ ಒಮ್ಮೆ ಹಾಕಬಹುದು. ಆದರೆ ನೀರು ಬಸಿಯದಿದ್ದರೆ ಅದೂ ಉಪಯೋಗವಿಲ್ಲ.

ದಿಬ್ಬ ಒಂದರಿಂದ ಒಂದೂವರೆ ಅಡಿ ಎತ್ತರ, ನಾಲ್ಕು ಅಡಿ ಅಗಲ ಇರಲಿ. ಎರಡು ಬುಟ್ಟಿ ಮಸಾರಿಗೆ ಒಂದು ಬುಟ್ಟಿ ದಪ್ಪ ಉಸುಕು ಅಥವಾ ಗರಸು, ಅರ್ಧ ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ. ಇದಕ್ಕಿಂತ ಹೆಚ್ಚು ಗೊಬ್ಬರ ಈ ಗಿಡಕ್ಕೆ ಬೇಡ. ಬೇರಿನ ಮುದ್ದೆಯ ತಲೆ ಮಣ್ಣಿನ ಮಟ್ಟಕ್ಕಿಂತ ಒಂದು ಇಂಚು ಮೇಲಿರಬೇಕು. ಮೇಲೆ ಎರಡು ಇಂಚು ಜಲ್ಲಿ ಹಾಸಿ, ಕಾಂಡಕ್ಕೆ ತಾಗದಂತೆ. ಬೆರಳನ್ನು ಎರಡು ಇಂಚು ಇಳಿಸಿದಾಗ ಒಣಗಿದ್ದರೆ ಮಾತ್ರ ನೀರು. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಗಿಡಕ್ಕೆ ನಾಲ್ಕೈದು ಲೀಟರ್ ಸಾಕಾಗುತ್ತದೆ.

ಎರಿ ಮಣ್ಣಿನ ಸುಣ್ಣದ ಅಂಶಕ್ಕೆ ಜುನಿಪರ್ ಅಂಜುವುದಿಲ್ಲ. ಆ ಭಯಕ್ಕೆ ಗಂಧಕ ತಂದು ಸುರಿಯಬೇಡಿ.

ಪ್ರಶ್ನೆ: ಬೇಲಿಯಂತೆ ಬೆಳೆದ ಜುನಿಪರ್ ದಾರಿಗೆ ಚಾಚಿತ್ತು. ಮಾಲಿ ಒಂದೂವರೆ ಅಡಿ ಒಳಗೆ ಕತ್ತರಿಸಿದ. ಈಗ ಬರೀ ಕಡ್ಡಿ ಕಾಣುತ್ತಿವೆ. ಮತ್ತೆ ಚಿಗುರುತ್ತದೆಯೇ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಇಲ್ಲ. ದಾಸವಾಳ, ಡುರಾಂಟಾದಂತೆ ಹಳೆಯ ಕಟ್ಟಿಗೆಯಿಂದ ಚಿಗುರೊಡೆಯುವ ಗುಣ ಇದಕ್ಕಿಲ್ಲ. ಎಲೆಯಿಲ್ಲದ ಟೊಂಗೆ ಹಾಗೆಯೇ ಉಳಿಯುತ್ತದೆ, ಅಕ್ಕಪಕ್ಕದ ಹಸಿರು ಬಾಗಿ ಮುಚ್ಚಿದರೆ ಉಂಟು. ಇನ್ನು ಮುಂದೆ ಹಸಿರಿನೊಳಗೇ ಕತ್ತರಿ ನಿಲ್ಲಲಿ. ತುದಿಯ ಎರಡು ಮೂರು ಇಂಚು, ಅದೂ ಕವಲಿನ ಹತ್ತಿರ. ಒಳಭಾಗದ ಹಳೆಯ ಎಲೆ ಒಣಗಿ ಉದುರುವುದು ಸಹಜ, ಅದು ರೋಗವಲ್ಲ.

ಪ್ರಶ್ನೆ: ಮಾರ್ಚ್ ಬಂದರೆ ನಮ್ಮ ಗಿಡ ಧೂಳು ಹಿಡಿದಂತೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ನೀರು, ಬಿಸಿಲು ಎರಡೂ ಇವೆ.
– ಓದುಗರು, ಬೆಟಗೇರಿ, ಗದಗ

ಉತ್ತರ: ಎಲೆಯ ರಸ ಹೀರುವ ನುಸಿ (ಚುಕ್ಕೆಯಷ್ಟು ಸಣ್ಣ ಜೀವಿ) ಇರಬಹುದು. ಟೊಂಗೆಯ ಕೆಳಗೆ ಬಿಳಿ ಹಾಳೆ ಹಿಡಿದು ನಾಲ್ಕು ಸಲ ತಟ್ಟಿ, ಅರೆ ನಿಮಿಷ ಕಾಯಿರಿ. ಬಿದ್ದ ಚುಕ್ಕೆಗಳಲ್ಲಿ ಕೆಲವು ನಡೆಯತೊಡಗಿದರೆ, ಬೆರಳಿನಿಂದ ಒರೆಸಿದಾಗ ಕಲೆ ಬಿಟ್ಟರೆ, ಅದೇ. ಬೆಳಿಗ್ಗೆ ಪೈಪಿನಿಂದ ಒಳಗಿನ ತನಕ ಜೋರಾಗಿ ನೀರು ಹೊಡೆಯಿರಿ. ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಬಗ್ಗದಿದ್ದರೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಸಂಜೆ ತಂಪಿನಲ್ಲಿ. 32 ಡಿಗ್ರಿ ದಾಟಿದ ದಿನ ಹೊಡೆದರೆ ಎಲೆ ಸುಡುತ್ತದೆ, ಗದಗಿನ ಏಪ್ರಿಲ್‌ನಲ್ಲಿ ಆ ಮಾತೇ ಬೇಡ. ಬೇವಿನೆಣ್ಣೆ ಹೊಡೆದಿದ್ದರೆ ಮೂರು ವಾರ ಬಿಟ್ಟು ಗಂಧಕ. ನೀಲಿ ಛಾಯೆಯ ಜಾತಿಗೆ ಎಣ್ಣೆಯೇ ಬೇಡ, ಮೇಲಿನ ಮೇಣ ಹೋಗಿ ಬಣ್ಣ ಕೆಡುತ್ತದೆ.

ಪ್ರಶ್ನೆ: ಜುನಿಪರ್ ಬೋನ್ಸಾಯ್ ತಂದು ಟಿವಿ ಪಕ್ಕದಲ್ಲಿ ಇಟ್ಟಿದ್ದೇವೆ. ಎಷ್ಟು ದಿನಕ್ಕೊಮ್ಮೆ ನೀರು?
– ಓದುಗರು, ರಾಣೇಬೆನ್ನೂರು

ಉತ್ತರ: ನೀರಿನ ಲೆಕ್ಕ ಆಮೇಲೆ. ಮೊದಲು ಗಿಡವನ್ನು ಹೊರಗಿಡಿ. ಇದು ಮನೆಯೊಳಗೆ ಬದುಕುವ ಜಾತಿಯಲ್ಲ. ದಿನಕ್ಕೆ ಆರು ತಾಸು ಬಿಸಿಲು ಬೇಕು. ಒಮ್ಮೆಲೇ ಬಿಸಿಲಿಗೆ ತಳ್ಳದೆ, ಒಂದು ವಾರ ಬೆಳಗಿನ ಎಳೆಬಿಸಿಲಿಗೆ ರೂಢಿ ಮಾಡಿಸಿ. ಸಣ್ಣ ತಟ್ಟೆಯ ಮಣ್ಣು ಏಪ್ರಿಲ್‌ನಲ್ಲಿ ದಿನಾ ಒಣಗುತ್ತದೆ, ಆಗ ದಿನಾ ನೀರು; ಮಳೆಗಾಲದಲ್ಲಿ ಮುಟ್ಟಿ ನೋಡಿಯೇ. ತಟ್ಟೆಯ ಕೆಳಗಿನ ತೂತು ಅಲಂಕಾರದ ಕಲ್ಲಿನಿಂದ ಮುಚ್ಚಿಹೋಗಿದೆಯೇ ಎಂದೂ ನೋಡಿ. ಮೇಲಿನ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿರುವುದುಂಟು, ನೀರು ಇಳಿಯುವುದೇ ಇಲ್ಲ. ಹಾಗಿದ್ದರೆ ಅವನ್ನು ಕಿತ್ತುಹಾಕಿ.